ಕ್ಲೇಮ್ ತಿರಸ್ಕಾರ ಆದ್ರೆ ಅಲ್ಲಿಗೇ ಮುಗೀಲಿಲ್ಲ



ಸಾಲ ಯಾಕೆ ಬೇಕು ಅಂತ ಸಂಘದ ಸಭೆಯಲ್ಲಿ ಕೇಳಿದಾಗ ಮಕ್ಕಳ ಓದು, ಮನೆ ರಿಪೇರಿ, ಹಸು ಖರೀದಿ ಇವುಗಳ ಜೊತೆ ತಪ್ಪದೆ ಬರುವ ಇನ್ನೊಂದು ಉತ್ತರ ಆಸ್ಪತ್ರೆ ಖರ್ಚು. ಹಸು ಕೊಂಡ ಸಾಲವನ್ನು ಹಾಲು ತೀರಿಸುತ್ತದೆ. ಆಸ್ಪತ್ರೆಗೆ ಕಟ್ಟಿದ ಸಾಲವನ್ನು ನಮ್ಮ ಕೂಲಿಯೇ ತೀರಿಸಬೇಕು. 20 ಸಾವಿರ ರೂಪಾಯಿಯನ್ನು ನೂರಕ್ಕೆ 2ರ ಬಡ್ಡಿಗೆ ತೆಗೆದರೆ ಅಸಲು ಮುಟ್ಟದೆ ತಿಂಗಳಿಗೆ 400 ರೂಪಾಯಿ ಬಡ್ಡಿಯೇ ಹೋಗ್ತದೆ.

ಇದನ್ನು ತಪ್ಪಿಸಲೆಂದೇ ಸರ್ಕಾರದ ಆರೋಗ್ಯ ಯೋಜನೆಗಳು ಇರುವುದು. ಆದರೆ ಕಾರ್ಡು ಹಿಡಿದು ಹೋದವರಿಗೂ ಕೆಲವು ಕಡೆ ಒಂದು ಮಾತು ಕೇಳಬೇಕಾಗ್ತದೆ: "ನಿಮ್ಮ ಕ್ಲೇಮ್ ರಿಜೆಕ್ಟ್ ಆಗಿದೆ, ದುಡ್ಡು ಕಟ್ಟಿ." ಆ ಮಾತು ಕೇಳಿದ ಕೂಡಲೇ ನಾವು ಕಿವಿಯೋಲೆ ಅಡವಿಡಲು ಓಡ್ತೇವೆ. ಯಾರು ರಿಜೆಕ್ಟ್ ಮಾಡಿದ್ದು, ಯಾಕೆ ಮಾಡಿದ್ದು ಅಂತ ಕೇಳುವುದೇ ಇಲ್ಲ.

ಈ ಕರಪತ್ರದಲ್ಲಿ ನಾವು ಹೇಳಬೇಕೆಂದಿರುವುದು ಒಂದೇ ವಿಷಯ. ಕ್ಲೇಮ್ ತಿರಸ್ಕಾರ ಆದ್ರೆ ಅದು ಕೊನೆಯ ತೀರ್ಮಾನ ಅಲ್ಲ. ಅದರ ಮೇಲೆ ಆಸ್ಪತ್ರೆಯವರು ಮೇಲ್ಮನವಿ ಹಾಕಬಹುದು, ನಾವು ದೂರು ಕೊಡಬಹುದು. ಎರಡಕ್ಕೂ ಬೇಕಾದದ್ದು ಸರಿಯಾದ ಕಾಗದ. ಆ ಕಾಗದಗಳಲ್ಲಿ ಎಷ್ಟೋ ನಮ್ಮ ಮನೆಯ ಟ್ರಂಕಿನಲ್ಲೇ ಇರ್ತವೆ.

ಯಾವ ಯೋಜನೆ, ಹಣ ಯಾರದು?

ನಮ್ಮ ರಾಜ್ಯದಲ್ಲಿ ಇಂಥ ಯೋಜನೆಗಳು ಹೊಸದೇನಲ್ಲ. 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗಾಗಿ ಯಶಸ್ವಿನಿ ಬಂತು. 2008ರಲ್ಲಿ ಕೇಂದ್ರ ಸರ್ಕಾರ ಬಡ ಕುಟುಂಬಗಳಿಗೆ ವರ್ಷಕ್ಕೆ 30 ಸಾವಿರ ರೂಪಾಯಿವರೆಗಿನ ಚಿಕಿತ್ಸೆಗೆ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ತಂದಿತು. ಆಮೇಲೆ ದೊಡ್ಡ ಕಾಯಿಲೆಗಳಿಗೆ ವಾಜಪೇಯಿ ಆರೋಗ್ಯಶ್ರೀ ಬಂತು. 2018ರಲ್ಲಿ ಇಂಥ ಹಲವು ಯೋಜನೆಗಳನ್ನು ಒಟ್ಟುಗೂಡಿಸಿ ಮೊದಲು 'ಆರೋಗ್ಯ ಕರ್ನಾಟಕ' ಆಯಿತು, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿ 'ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ' ಆಯಿತು. ಯಶಸ್ವಿನಿಯನ್ನು 2022-23ರಲ್ಲಿ ಸಹಕಾರ ಸಂಘಗಳ ಸದಸ್ಯರಿಗೆ ಮತ್ತೆ ಪ್ರತ್ಯೇಕವಾಗಿ ಶುರು ಮಾಡಿದರು.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಇದು ಇಡೀ ಕುಟುಂಬಕ್ಕೆ ಸೇರಿದ ಮೊತ್ತ. ಒಬ್ಬರಿಗೇ ಬೇಕಾದರೂ ಬಳಸಬಹುದು, ಎಲ್ಲರೂ ಹಂಚಿಕೊಂಡರೂ ಸರಿ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ನೂರಕ್ಕೆ 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಉಳಿದ 70 ಅವರೇ ಭರಿಸಬೇಕು. ಇದನ್ನು ನೆನಪಿಡಿ. ಎಪಿಎಲ್ ಕಾರ್ಡಿನವರ ಹತ್ತಿರ ಈ ಪಾಲು ಕೇಳಿದರೆ ಅದು ತಿರಸ್ಕಾರವೂ ಅಲ್ಲ, ಮೋಸವೂ ಅಲ್ಲ.

ಇನ್ನೊಂದು ಮುಖ್ಯ ವಿಷಯ. ನಮ್ಮ ರಾಜ್ಯದಲ್ಲಿ ಈ ಯೋಜನೆ ನಡೆಸುವುದು ಯಾವುದೋ ವಿಮಾ ಕಂಪನಿ ಅಲ್ಲ. ಸರ್ಕಾರದ್ದೇ ಆದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ನಡೆಸ್ತದೆ. ಆಸ್ಪತ್ರೆಗೆ ಹಣ ಕೊಡುವುದೂ ಅದೇ, ಬೇಡ ಅನ್ನುವುದೂ ಅದೇ. ಹಾಗಾಗಿ ಪ್ರಶ್ನೆ ಕೇಳಬೇಕಾದ ಜಾಗ ಯಾವುದೆಂದು ನಮಗೆ ಸ್ಪಷ್ಟ ಇರಬೇಕು.

ಕ್ಲೇಮ್ ಅಂದ್ರೆ ಏನು?

ನಮ್ಮ ಸಂಘ ಬ್ಯಾಂಕಿನಿಂದ ಸಾಲ ತೆಗೆಯುವುದನ್ನೇ ಯೋಚಿಸಿ. ಮೊದಲು ಅರ್ಜಿ, ಅದರ ಜೊತೆ ಠರಾವಿನ ಪ್ರತಿ, ಸದಸ್ಯರ ಪಟ್ಟಿ, ಪ್ರತಿನಿಧಿಗಳ ಸಹಿ. ಠರಾವಿನ ಪ್ರತಿ ಇಲ್ಲದಿದ್ದರೆ ಮ್ಯಾನೇಜರು ಫೈಲು ವಾಪಸು ಕೊಡ್ತಾರೆ. ಅಂದ್ರೆ ಸಂಘಕ್ಕೆ ಸಾಲ ಇಲ್ಲ ಅಂತ ಅಲ್ಲ, ಠರಾವು ತನ್ನಿ ಅಂತ. ಆಸ್ಪತ್ರೆಯ ಕ್ಲೇಮ್ ಕೂಡ ಬಹಳ ಮಟ್ಟಿಗೆ ಹೀಗೇ. ಅದು ಸಾಗುವ ದಾರಿ ಇದು:

1. ರೋಗಿ ಆಸ್ಪತ್ರೆಗೆ ಬರ್ತಾರೆ. ಆಧಾರ್, ಪಡಿತರ ಚೀಟಿ ಅಥವಾ ಆಯುಷ್ಮಾನ್ ಕಾರ್ಡ್ ನೋಡಿ ಹೆಸರು ದಾಖಲು ಮಾಡ್ತಾರೆ. ಯೋಜನೆಯ ಆಸ್ಪತ್ರೆಗಳಲ್ಲಿ ಇದಕ್ಕೆ ಸಹಾಯ ಮಾಡಲು 'ಆರೋಗ್ಯ ಮಿತ್ರ' ಇರ್ತಾರೆ.

2. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಅವರು ರೆಫರಲ್ ಚೀಟಿ ಕೊಟ್ಟು ಯೋಜನೆಯಲ್ಲಿರುವ ಬೇರೆ ಆಸ್ಪತ್ರೆಗೆ ಕಳಿಸ್ತಾರೆ. ತುರ್ತು ಇದ್ದರೆ ರೆಫರಲ್ ಬೇಕಿಲ್ಲ.

3. ಆಸ್ಪತ್ರೆಯವರು ಕಾಯಿಲೆಯ ವಿವರ, ಪರೀಕ್ಷೆಯ ವರದಿ ಹಾಕಿ ಕಂಪ್ಯೂಟರಿನಲ್ಲಿ ಟ್ರಸ್ಟಿನ ಅನುಮತಿ ಕೇಳ್ತಾರೆ. ಆಸ್ಪತ್ರೆಯ ಭಾಷೆಯಲ್ಲಿ ಇದು 'ಪ್ರೀ-ಆಥ್' ಅಥವಾ 'ಅಪ್ರೂವಲ್'.

4. ಅನುಮತಿ ಬಂದ ಮೇಲೆ ಚಿಕಿತ್ಸೆ ನಡೀತದೆ, ರೋಗಿ ಮನೆಗೆ ಹೋಗ್ತಾರೆ.

5. ಆಸ್ಪತ್ರೆಯವರು ಡಿಸ್ಚಾರ್ಜ್ ಸಮರಿ, ಎಕ್ಸ್-ರೇ, ವರದಿ ಎಲ್ಲಾ ಹಾಕಿ "ಇಷ್ಟು ಹಣ ಕೊಡಿ" ಎಂದು ಕೇಳ್ತಾರೆ. ಇದೇ ಕ್ಲೇಮ್.

6. ಟ್ರಸ್ಟಿನ ಕಡೆಯ ವೈದ್ಯರು ಅದನ್ನು ಪರಿಶೀಲಿಸಿ ಪೂರ್ತಿ ಕೊಡಬಹುದು, ಸ್ವಲ್ಪ ಕಡಿತ ಮಾಡಬಹುದು, ಪ್ರಶ್ನೆ ಕೇಳಬಹುದು, ತಿರಸ್ಕರಿಸಲೂ ಬಹುದು. ಆಯುಷ್ಮಾನ್ ಭಾರತ್ ನಿಯಮದಂತೆ ರಾಜ್ಯದೊಳಗಿನ ಆಸ್ಪತ್ರೆಯ ಕ್ಲೇಮನ್ನು 15 ದಿನದಲ್ಲಿ, ಬೇರೆ ರಾಜ್ಯದಲ್ಲಿ ಚಿಕಿತ್ಸೆ ಆಗಿದ್ದರೆ 30 ದಿನದಲ್ಲಿ ಇತ್ಯರ್ಥ ಮಾಡಬೇಕು.

"ಇಲ್ಲ" ಅನ್ನುವುದು ಎರಡು ಕಡೆ ಬರ್ತದೆ

"ರಿಜೆಕ್ಟ್ ಆಗಿದೆ" ಅಂದರೆ ಮೊದಲು ಕೇಳಬೇಕಾದ್ದು: "ಅಪ್ರೂವಲ್ ರಿಜೆಕ್ಟ್ ಆಯಿತೋ, ಕ್ಲೇಮ್ ರಿಜೆಕ್ಟ್ ಆಯಿತೋ?"

ಅಪ್ರೂವಲ್ ತಿರಸ್ಕಾರ ಆದರೆ ಅದು ಚಿಕಿತ್ಸೆಗೆ ಮೊದಲೇ ಬಂದ "ಇಲ್ಲ". ಇಲ್ಲಿ ತೊಂದರೆ ನೇರವಾಗಿ ರೋಗಿಗೆ. ಯಾವ ಕಾಗದ ಕಡಿಮೆ ಅಂತ ಕೇಳಿ ಅದನ್ನು ಕೂಡಲೇ ಒದಗಿಸಿದರೆ ಆಸ್ಪತ್ರೆಯವರು ಮತ್ತೆ ಅನುಮತಿ ಕೇಳಬಹುದು. ಆ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲೇ ಸಿಗುತ್ತದೆ ಅನ್ನುವ ಕಾರಣಕ್ಕೆ ಬೇಡ ಅಂದಿದ್ದರೆ ಅಲ್ಲಿಗೆ ಹೋಗುವುದೇ ದಾರಿ.

ಕ್ಲೇಮ್ ತಿರಸ್ಕಾರ ಆದರೆ ಅದು ಚಿಕಿತ್ಸೆ ಮುಗಿದ ಮೇಲೆ ಬಂದ "ಇಲ್ಲ". ಇದು ಆಸ್ಪತ್ರೆಗೂ ಟ್ರಸ್ಟಿಗೂ ನಡುವಿನ ಲೆಕ್ಕ. ಯೋಜನೆಗೆ ಸೇರುವಾಗ ಆಸ್ಪತ್ರೆಯವರು ನಗದು ಪಡೆಯದೆ ಚಿಕಿತ್ಸೆ ಕೊಡ್ತೇವೆ ಅಂತ ಒಪ್ಪಂದ ಮಾಡಿಕೊಂಡಿರ್ತಾರೆ. ಅನುಮತಿ ಪಡೆದು ಮಾಡಿದ ಆಪರೇಷನ್ನಿನ ಹಣ ಅವರಿಗೆ ಬರಲಿಲ್ಲ ಅಂತ ಬಿಪಿಎಲ್ ರೋಗಿಯ ಮನೆಗೆ ಫೋನು ಮಾಡಿ ಕೇಳುವ ಹಾಗಿಲ್ಲ. ಅವರು ಕೇಳಬೇಕಾದ್ದು ಟ್ರಸ್ಟನ್ನು.

ಹಾಗಂತ ನಮಗೇನೂ ಸಂಬಂಧ ಇಲ್ಲ ಅಂತ ಕೂರುವುದೂ ಸರಿಯಲ್ಲ. ಕ್ಲೇಮುಗಳು ಒಂದರ ಮೇಲೊಂದು ತಿರಸ್ಕಾರ ಆದರೆ ಖಾಸಗಿ ಆಸ್ಪತ್ರೆ "ಈ ಕಾರ್ಡು ನಮ್ಮಲ್ಲಿ ಬೇಡ" ಅಂತ ಹಿಂದೆ ಸರೀಬಹುದು. ತಾಲೂಕು ಆಸ್ಪತ್ರೆಗಾದರೂ ಈ ಕ್ಲೇಮಿನಿಂದ ಬರುವ ಹಣ ಮುಖ್ಯ. ಅದು ತಪ್ಪಿದರೆ ಮುಂದೆ ಹೋಗುವ ರೋಗಿಗೆ ತೊಂದರೆ. ಆ ರೋಗಿ ನಮ್ಮ ಪಕ್ಕದ ಮನೆಯವರೇ ಆಗಿರಬಹುದು.

ತಿರಸ್ಕಾರ ಯಾಕೆ ಆಗ್ತದೆ?

ಸಾಮಾನ್ಯವಾಗಿ ಕಂಡುಬರುವ ಕಾರಣಗಳು ಇವು:

- ಆಧಾರ್‌ನಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು. ಮದುವೆ ಆದ ಮೇಲೆ ಹೆಸರು, ವಿಳಾಸ ಬದಲಾದ ಹೆಣ್ಣುಮಕ್ಕಳಿಗೆ ಈ ತೊಂದರೆ ಹೆಚ್ಚು.
- ರೆಫರಲ್ ಚೀಟಿ ಇಲ್ಲ, ತುರ್ತು ಆಗಿತ್ತು ಅನ್ನುವುದಕ್ಕೆ ದಾಖಲೆಯೂ ಇಲ್ಲ.
- ಆಪರೇಷನ್ನಿಗೆ ಮೊದಲು ತೆಗೆದ ಎಕ್ಸ್-ರೇ ಇದೆ, ಆದ ಮೇಲೆ ತೆಗೆದದ್ದು ಹಾಕಿಲ್ಲ.
- ಡಿಸ್ಚಾರ್ಜ್ ಸಮರಿಯಲ್ಲಿ ಬರೆದ ಕಾಯಿಲೆಗೂ ಕ್ಲೇಮಿನಲ್ಲಿ ಹಾಕಿದ ಪ್ಯಾಕೇಜಿಗೂ ತಾಳೆ ಇಲ್ಲ.
- ಟ್ರಸ್ಟ್ ಕೇಳಿದ ಪ್ರಶ್ನೆಗೆ ಆಸ್ಪತ್ರೆಯವರು ಸಮಯಕ್ಕೆ ಉತ್ತರ ಕೊಟ್ಟಿಲ್ಲ.
- ಈ ರೋಗಿಗೆ ಆ ಚಿಕಿತ್ಸೆ ಬೇಕಿತ್ತು ಅನ್ನುವುದು ದಾಖಲೆಯಿಂದ ಗೊತ್ತಾಗುವುದಿಲ್ಲ.

ಇಷ್ಟು ಬಿಗಿ ಯಾಕೆ ಅಂತ ಕೇಳಬಹುದು. ಮೋಸವೂ ನಡೆದಿದೆ, ಅದಕ್ಕೇ. 2023ರ ಆಗಸ್ಟಿನಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿಯಲ್ಲಿ, ದೇಶದಾದ್ಯಂತ ಸುಮಾರು 7.5 ಲಕ್ಷ ಫಲಾನುಭವಿಗಳ ಹೆಸರು ಒಂದೇ ಮೊಬೈಲ್ ನಂಬರಿಗೆ ಜೋಡಣೆಯಾಗಿದ್ದದ್ದು ಹೊರಬಂತು. ಚಿಕಿತ್ಸೆಯ ವೇಳೆ ತೀರಿಕೊಂಡರೆಂದು ದಾಖಲಾದವರ ಹೆಸರಿನಲ್ಲೇ ಮತ್ತೆ ಚಿಕಿತ್ಸೆ ನಡೆದಂತೆ ಕ್ಲೇಮು ಪಾಸಾಗಿದ್ದದ್ದೂ ಅದರಲ್ಲಿತ್ತು. ಇದು ಬಡವರ ಚಿಕಿತ್ಸೆಗೆಂದು ಇಟ್ಟ ಹಣ. ಅದಕ್ಕೆ ಪರಿಶೀಲನೆ ಬೇಕೇ ಬೇಕು. ಆದರೆ ಪರಿಶೀಲನೆಯ ಜರಡಿಯಲ್ಲಿ ಜೊಳ್ಳಿನ ಜೊತೆ ಕಾಳೂ ಕೆಲವು ಸಲ ಕೆಳಗೆ ಬೀಳ್ತದೆ. ಮೇಲ್ಮನವಿ ಇರುವುದು ಆ ಕಾಳನ್ನು ಹೆಕ್ಕಿಕೊಳ್ಳಲು.

ಆಸ್ಪತ್ರೆ ಹೇಗೆ ಮೇಲ್ಮನವಿ ಹಾಕ್ತದೆ?

ಆಯುಷ್ಮಾನ್ ಭಾರತ್ ನಿಯಮಾವಳಿಯಲ್ಲಿ ಆಸ್ಪತ್ರೆಗೆ ಮೇಲ್ಮನವಿಯ ಹಕ್ಕು ಇದೆ. ತಿರಸ್ಕಾರಕ್ಕೆ ಕಾರಣ ಕೊಡಬೇಕು, ಮೇಲ್ಮನವಿ ಹಾಕಬಹುದು ಅನ್ನುವುದನ್ನೂ ಅದರಲ್ಲೇ ತಿಳಿಸಬೇಕು. ಬೇಕಾದ ಸರಿಯಾದ ದಾಖಲೆ ಕೊಟ್ಟರೆ ಮುಚ್ಚಿದ ಕ್ಲೇಮನ್ನು ಮತ್ತೆ ತೆರೆಯಲು ಅವಕಾಶವೂ ಇದೆ.

ಮೊದಲ ಹೆಜ್ಜೆ, ಯಾವ ಕಾರಣಕ್ಕೆ ಬೇಡ ಅಂದರು ಅಂತ ಓದುವುದು. ಎರಡನೆಯದು, ಆ ಕಾರಣಕ್ಕೆ ಮಾತ್ರ ಉತ್ತರ ಕೊಡುವುದು. ಎಕ್ಸ್-ರೇ ಇಲ್ಲ ಅಂದರೆ ಎಕ್ಸ್-ರೇ ಕೊಡಬೇಕು. "ರೋಗಿ ತುಂಬಾ ಬಡವರು" ಅಂತ ಎರಡು ಪುಟ ಬರೆದರೆ ಪ್ರಯೋಜನ ಇಲ್ಲ. ಮೂರನೆಯದು, ಚಿಕಿತ್ಸೆ ಕೊಟ್ಟ ವೈದ್ಯರ ಸಹಿಯಿರುವ ವಿವರಣೆ: ರೋಗಿ ಬಂದಾಗ ಸ್ಥಿತಿ ಹೇಗಿತ್ತು, ಯಾಕೆ ಈ ಚಿಕಿತ್ಸೆ ಬೇಕಾಯಿತು, ಕೇಸ್ ಶೀಟಿನ ಯಾವ ಪುಟದಲ್ಲಿ ಅದು ಇದೆ. ಇಷ್ಟನ್ನು ಇಟ್ಟುಕೊಂಡು ಮೊದಲು ಟ್ರಸ್ಟಿಗೇ ಮರುಪರಿಶೀಲನೆಗೆ ಕೇಳ್ತಾರೆ.

ಅಲ್ಲಿ ಆಗದಿದ್ದರೆ ಕುಂದುಕೊರತೆ ನಿವಾರಣಾ ಸಮಿತಿಗಳಿವೆ. ಈ ವ್ಯವಸ್ಥೆಗೆ ಜಿಲ್ಲೆ, ರಾಜ್ಯ, ರಾಷ್ಟ್ರ ಹೀಗೆ ಮೂರು ಮೆಟ್ಟಿಲು. ಪ್ರತಿ ಮೆಟ್ಟಿಲಿನಲ್ಲೂ ಒಬ್ಬ ನೋಡಲ್ ಅಧಿಕಾರಿ ಇರ್ತಾರೆ. ಆಸ್ಪತ್ರೆಯವರ ಹಾಗೆ ರೋಗಿಯೂ ಇದೇ ಮೆಟ್ಟಿಲು ಹತ್ತಬಹುದು. ವಕೀಲರು ಬೇಕಿಲ್ಲ. ತಡ ಮಾತ್ರ ಮಾಡಬಾರದು. ದಿನ ಕಳೆದ ಹಾಗೆ ದಾಖಲೆ ಸಿಗುವುದೂ ಕಷ್ಟ, ಕೇಳುವವರಿಗೆ ತಾಳ್ಮೆಯೂ ಕಡಿಮೆ.

ಎರಡು ಉದಾಹರಣೆ ನೋಡೋಣ

ಮೊದಲನೆಯದು. ಅಡಿಕೆ ಕೊಯ್ಯಲು ಮರ ಹತ್ತಿದವರು ಬಿದ್ದು ತೊಡೆಯ ಮೂಳೆ ಮುರಿದಿದೆ ಅಂದುಕೊಳ್ಳಿ. ಅನುಮತಿ ಬಂತು, ಪ್ಲೇಟು ಹಾಕಿ ಆಪರೇಷನ್ ಆಯಿತು, ಮನೆಗೂ ಬಂದರು. ತಿಂಗಳ ಮೇಲೆ ಆಸ್ಪತ್ರೆಯ ಕ್ಲೇಮು ತಿರಸ್ಕಾರ: "ಆಪರೇಷನ್ ನಂತರದ ಎಕ್ಸ್-ರೇ ಇಲ್ಲ." ಆ ಎಕ್ಸ್-ರೇ ಎಲ್ಲಿದೆ? ಡಿಸ್ಚಾರ್ಜ್ ಆಗುವಾಗ ರೋಗಿಯ ಕೈಗೆ ಕೊಟ್ಟಿದ್ದಾರೆ. ಅದು ಮನೆಯ ಅಟ್ಟದ ಮೇಲೆ ಇದೆ. ಆರೋಗ್ಯ ಮಿತ್ರ ಫೋನು ಮಾಡಿ "ಆ ಫಿಲ್ಮ್ ತನ್ನಿ" ಅಂದಾಗ ನಮ್ಮವರು ಹೆದರಿ ಫೋನು ಎತ್ತುವುದಿಲ್ಲ, ದುಡ್ಡು ಕೇಳ್ತಾರೇನೋ ಅಂತ. ಫಿಲ್ಮ್ ತೆಗೆದುಕೊಂಡು ಹೋಗಿ ಅವರು ಪ್ರತಿ ಮಾಡಿಕೊಂಡ ಮೇಲೆ ವಾಪಸು ತಂದರೆ ಆ ಕ್ಲೇಮಿನಲ್ಲಿ ಉಳಿದಿದ್ದ ತಕರಾರು ತೀರಿತು.

ಎರಡನೆಯದು. ಮಧ್ಯರಾತ್ರಿ ಎದೆನೋವು. 108 ಆಂಬ್ಯುಲೆನ್ಸ್ ಹತ್ತಿರದ ಖಾಸಗಿ ಆಸ್ಪತ್ರೆಗೆ ತಂದು ಬಿಟ್ಟಿತು. ಕ್ಲೇಮ್ ತಿರಸ್ಕಾರ: "ರೆಫರಲ್ ಇಲ್ಲ." ಇಲ್ಲಿ ಆಸ್ಪತ್ರೆ ತೋರಿಸಬೇಕಾದ್ದು ಇದು ತುರ್ತು ಆಗಿತ್ತು ಅಂತ. ಬಂದ ಸಮಯ ಬರೆದ ಕ್ಯಾಶುವಾಲ್ಟಿ ರಿಜಿಸ್ಟರು, ಮೊದಲ ಇಸಿಜಿ, ವೈದ್ಯರ ಟಿಪ್ಪಣಿ, ಆಂಬ್ಯುಲೆನ್ಸಿನ ದಾಖಲೆ ಇವೆಲ್ಲ ಸಾಕ್ಷಿ. ಅಪಘಾತ ಆಗಿದ್ದರೆ ಆಸ್ಪತ್ರೆ ಪೊಲೀಸರಿಗೆ ಕಳಿಸಿದ ಎಂಎಲ್‌ಸಿ ವರದಿಯೂ ಸೇರ್ತದೆ. ರೋಗಿಯ ಕಡೆಯವರು "ಹೊಟ್ಟೆನೋವು ನಾಲ್ಕು ದಿನದಿಂದ ಇತ್ತು" ಅಂತ ಗಾಬರಿಯಲ್ಲಿ ಏನೋ ಹೇಳಿ ಅದೇ ಕೇಸ್ ಶೀಟಿನಲ್ಲಿ ಬರೆದುಹೋದರೆ ಆಮೇಲೆ ತಿದ್ದುವುದು ಕಷ್ಟ. ನೋವು ಯಾವಾಗ ಶುರುವಾಯಿತು, ಯಾವಾಗ ಹೆಚ್ಚಾಯಿತು ಅನ್ನುವುದನ್ನು ಇದ್ದದ್ದು ಇದ್ದ ಹಾಗೆ, ಸರಿಯಾಗಿ ಹೇಳಿ.

ತಿರಸ್ಕಾರ ಸರಿಯಾಗಿಯೇ ಇದ್ದರೆ?

ತಿರಸ್ಕಾರ ಆದದ್ದೆಲ್ಲ ಅನ್ಯಾಯ ಅಲ್ಲ. ಹೆಣ್ಣುಮಕ್ಕಳಾದ ನಾವು ಇದನ್ನು ಮುಖ್ಯವಾಗಿ ತಿಳಿಯಬೇಕು. ಹಿಂದಿನ ಸ್ವಾಸ್ಥ್ಯ ಬಿಮಾ ಯೋಜನೆಯ ಕಾಲದಲ್ಲಿ ಬಿಹಾರ, ಛತ್ತೀಸ್‌ಗಢ ರಾಜ್ಯಗಳಲ್ಲಿ ಕ್ಲೇಮಿನ ಹಣಕ್ಕಾಗಿ ಬೇಡದಿದ್ದರೂ ಗರ್ಭಕೋಶ ತೆಗೆದ ದೂರುಗಳು ಬಂದವು. ಈ ವಿಚಾರ ಸುಪ್ರೀಂ ಕೋರ್ಟಿಗೆ ಹೋಗಿ, 2023ರ ಏಪ್ರಿಲ್‌ನಲ್ಲಿ ಕೋರ್ಟು ಎಲ್ಲಾ ರಾಜ್ಯಗಳೂ ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿ ಮಾಡಬೇಕೆಂದು ಹೇಳಿತು.

ಹಾಗಾಗಿ ಗರ್ಭಕೋಶ ತೆಗೆಯಲು ಅನುಮತಿ ಸಿಗಲಿಲ್ಲ ಅಂದರೆ ಕೂಡಲೇ ಸಾಲ ಮಾಡಿ ಬೇರೆ ಕಡೆ ತೆಗೆಸಬೇಡಿ. ಆ "ಇಲ್ಲ" ನಮ್ಮ ಮೈಯನ್ನು ಕಾಪಾಡಿದ್ದೂ ಇರಬಹುದು. ಇನ್ನೊಬ್ಬ ಸ್ತ್ರೀರೋಗ ತಜ್ಞರ ಅಭಿಪ್ರಾಯ ಪಡೆಯಿರಿ, ಔಷಧಿಯಿಂದ ಗುಣ ಆಗ್ತದೋ ಅಂತ ಕೇಳಿ.

ಹಾಗೆಯೇ ಕಾರ್ಡನ್ನು ಇನ್ನೊಬ್ಬರಿಗೆ ಕೊಡಬೇಡಿ. ಖಾಲಿ ಕಾಗದಕ್ಕೆ ಸಹಿ ಅಥವಾ ಹೆಬ್ಬೆಟ್ಟು ಹಾಕಬೇಡಿ. ಡಿಸ್ಚಾರ್ಜ್ ಆಗುವಾಗ ಸಹಿ ಹಾಕಿಸುವ ಕಾಗದವನ್ನು ಓದಿಸಿ ಕೇಳಿ. ಮಾಡದ ಚಿಕಿತ್ಸೆಗೆ ನಿಮ್ಮ ಸಹಿ ಬಿದ್ದರೆ ನಿಮ್ಮ ಕುಟುಂಬದ 5 ಲಕ್ಷದಲ್ಲಿ ಅಷ್ಟು ಕಡಿಮೆ ಆಯಿತು ಅಂತಲೇ ಲೆಕ್ಕ.

ದುಡ್ಡು ಕಟ್ಟಿ ಅಂದರೆ ನಾವೇನು ಮಾಡಬೇಕು?

ಜಗಳ ಬೇಡ, ಅಳುವುದೂ ಬೇಡ. ಹೀಗೆ ಮಾಡಿ:

1. ಆರೋಗ್ಯ ಮಿತ್ರರನ್ನು ಕಾಣಿ. "ಅಪ್ರೂವಲ್ ಬಂದಿದೆಯಾ? ಯಾವ ತಾರೀಖು? ಯಾವ ಕಾರಣಕ್ಕೆ ಬೇಡ ಅಂದಿದ್ದಾರೆ? ಬರೆದು ಕೊಡಿ" ಎಂದು ಕೇಳಿ. ಕೇಸಿನ ನಂಬರು ಬರೆದುಕೊಳ್ಳಿ.

2. ದುಡ್ಡು ಕಟ್ಟಲೇಬೇಕಾದ ಪರಿಸ್ಥಿತಿ ಬಂದರೆ ರಶೀದಿ ಇಲ್ಲದೆ ಒಂದು ರೂಪಾಯಿ ಕೊಡಬೇಡಿ. ಯಾವುದಕ್ಕೆ ಎಂದು ರಶೀದಿಯಲ್ಲಿ ಬರೆದಿರಬೇಕು. ಯೋಜನೆಯ ಪ್ಯಾಕೇಜಿನಲ್ಲಿ ದಾಖಲಾಗುವ ಮೊದಲಿನ 3 ದಿನ ಮತ್ತು ಡಿಸ್ಚಾರ್ಜ್ ನಂತರದ 15 ದಿನಗಳ ಪರೀಕ್ಷೆ, ಔಷಧಿಯೂ ಸೇರಿದೆ. ಹೊರಗೆ ಮೆಡಿಕಲ್ಲಿನಲ್ಲಿ ಔಷಧಿ ತರಿಸಿದರೆ ಅದರ ಬಿಲ್ಲನ್ನೂ ಇಟ್ಟುಕೊಳ್ಳಿ.

3. 14555ಕ್ಕೆ ಫೋನು ಮಾಡಿ. ಇದು ಆಯುಷ್ಮಾನ್ ಭಾರತ್‌ನ ಉಚಿತ ಸಹಾಯವಾಣಿ. ರೋಗಿ ಇನ್ನೂ ಆಸ್ಪತ್ರೆಯಲ್ಲೇ ಇದ್ದರೆ ಅದನ್ನು ಮೊದಲು ಹೇಳಿ. ದೂರಿನ ನಂಬರು ಕೇಳಿ ಬರೆದುಕೊಳ್ಳಿ. ನಂಬರು ಇಲ್ಲದ ದೂರು ಗಾಳಿಗೆ ಹೇಳಿದ ಮಾತಿದ್ದ ಹಾಗೆ.

4. ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಲಿಖಿತ ದೂರು ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಖಾಸಗಿ ಆಸ್ಪತ್ರೆಗಳ ಮೇಲಿನ ದೂರು ಕೇಳಲು ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವೂ ಇದೆ.

5. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿ ಅರ್ಜಿ ಹಾಕಿ ನಿಮ್ಮ ಕ್ಲೇಮಿನ ಸ್ಥಿತಿ, ತಿರಸ್ಕಾರದ ಕಾರಣ ಕೇಳಬಹುದು. ಬಿಪಿಎಲ್ ಕಾರ್ಡಿನ ಪ್ರತಿ ಲಗತ್ತಿಸಿದರೆ ಅರ್ಜಿ ಶುಲ್ಕ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು.

ಕಂಪನಿಯ ವಿಮೆಗೆ ದಾರಿ ಬೇರೆ

ಕೆಲವು ಸದಸ್ಯೆಯರು ಕಂತು ಕಟ್ಟಿ ವಿಮಾ ಕಂಪನಿಯ ಆರೋಗ್ಯ ಪಾಲಿಸಿ ತೆಗೆದಿರ್ತಾರೆ. ಅಲ್ಲಿ ಕ್ಲೇಮು ತಿರಸ್ಕಾರ ಆದರೆ ಮೊದಲು ಆ ಕಂಪನಿಗೇ ಲಿಖಿತ ದೂರು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆ ಆಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಅವರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಶುಲ್ಕ ಇಲ್ಲ. ಯಶಸ್ವಿನಿಯವರು ಯಶಸ್ವಿನಿ ಟ್ರಸ್ಟನ್ನು ಕೇಳಬೇಕು. ಒಂದರ ದೂರನ್ನು ಇನ್ನೊಂದು ಕಡೆ ಕೊಟ್ಟರೆ ಓಡಾಟವಷ್ಟೇ ಉಳೀತದೆ.

ದೂರಿನ ಮಾದರಿ

ಗೆ,
ಜಿಲ್ಲಾ ಕುಂದುಕೊರತೆ ನಿವಾರಣಾ ಸಮಿತಿ, ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳ ಮುಖಾಂತರ, ............ ಜಿಲ್ಲೆ.

ಮಾನ್ಯರೇ,
ವಿಷಯ: ಚಿಕಿತ್ಸೆಯ ಕ್ಲೇಮ್ ತಿರಸ್ಕಾರ / ಹಣ ಕೇಳಿರುವ ಬಗ್ಗೆ.

ನಾನು ............ ಗ್ರಾಮದ ನಿವಾಸಿ. ನನ್ನ ಪಡಿತರ ಚೀಟಿ ಸಂಖ್ಯೆ ............ ನನ್ನ ............ (ಸಂಬಂಧ) ಇವರು ............ ತಾರೀಖಿನಂದು ............ ಆಸ್ಪತ್ರೆಗೆ ದಾಖಲಾಗಿ ............ ಚಿಕಿತ್ಸೆ ಪಡೆದಿದ್ದಾರೆ. ಕೇಸಿನ ಸಂಖ್ಯೆ ............ ಅನುಮತಿ ಬಂದ ತಾರೀಖು ............ ತಿರಸ್ಕಾರಕ್ಕೆ ಹೇಳಿರುವ ಕಾರಣ ............ ನಮ್ಮಿಂದ ಪಡೆದ ಹಣ ರೂ. ............ ಈ ಬಗ್ಗೆ 14555ರಲ್ಲಿ ದಾಖಲಾದ ದೂರಿನ ಸಂಖ್ಯೆ ............ ದಯವಿಟ್ಟು ಪರಿಶೀಲಿಸಿ, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇನೆ.

ಲಗತ್ತು: ಪಡಿತರ ಚೀಟಿ, ರೆಫರಲ್ ಚೀಟಿ, ಡಿಸ್ಚಾರ್ಜ್ ಸಮರಿ, ರಶೀದಿಗಳ ಪ್ರತಿ. (ಮೂಲ ಪ್ರತಿ ಕೊಡಬೇಡಿ, ಜೆರಾಕ್ಸ್ ಸಾಕು.)

ಸಂಘದಲ್ಲಿ ಇದನ್ನು ಮಾಡೋಣ

ಕಾಯಿಲೆ ಬಂದ ಮೇಲೆ ಕಾಗದ ಹುಡುಕಿದರೆ ಆಗೋದಿಲ್ಲ. ಪ್ರತಿ ಮನೆಯಲ್ಲೂ ಒಂದು ಪ್ಲಾಸ್ಟಿಕ್ ಫೈಲು ಇರಲಿ. ಅದರಲ್ಲಿ ಎಲ್ಲರ ಆಧಾರ್, ಪಡಿತರ ಚೀಟಿ, ಆಯುಷ್ಮಾನ್ ಕಾರ್ಡಿನ ಪ್ರತಿ, ಹಳೆಯ ಚೀಟಿ, ಎಕ್ಸ್-ರೇ, ಡಿಸ್ಚಾರ್ಜ್ ಸಮರಿ ಇರಲಿ. ಆಧಾರ್‌ಗೂ ಪಡಿತರ ಚೀಟಿಗೂ ಹೆಸರು ತಾಳೆ ಇದೆಯಾ ಅಂತ ಒಂದು ಸಭೆಯಲ್ಲಿ ಎಲ್ಲರೂ ಕೂತು ನೋಡಿ. ವ್ಯತ್ಯಾಸ ಇದ್ದವರು ಈಗಲೇ ತಿದ್ದುಪಡಿ ಮಾಡಿಸಿ. ಸೊಸೆ, ಹೊಸದಾಗಿ ಹುಟ್ಟಿದ ಮಗು ಪಡಿತರ ಚೀಟಿಯಲ್ಲಿ ಸೇರಿದ್ದಾರಾ ಅಂತಲೂ ನೋಡಿ.

ಸಂಘದಲ್ಲಿ ಓದುಬರಹ ಚೆನ್ನಾಗಿ ಬಲ್ಲ ಇಬ್ಬರಿಗೆ ಈ ಜವಾಬ್ದಾರಿ ಕೊಡಿ. ಸದಸ್ಯೆಯ ಮನೆಯವರು ಆಸ್ಪತ್ರೆಗೆ ಸೇರಿದರೆ ಅವರಲ್ಲಿ ಒಬ್ಬರು ಜೊತೆಗೆ ಹೋಗಿ ಆರೋಗ್ಯ ಮಿತ್ರರನ್ನು ಮಾತಾಡಿಸಲಿ. ಮನೆಯವರು ಗಾಬರಿಯಲ್ಲಿರುವಾಗ ತಲೆ ತಣ್ಣಗಿರುವ ಒಬ್ಬರು ಪಕ್ಕದಲ್ಲಿದ್ದರೆ ಅದೇ ದೊಡ್ಡ ಸಹಾಯ. ಆಸ್ಪತ್ರೆ ಖರ್ಚಿಗೆ ಸಾಲ ಕೇಳಿದಾಗ ತುರ್ತು ಇದ್ದರೆ ಮೊದಲು ಸಾಲ ಕೊಡಿ, ಆದರೆ "ಕಾರ್ಡು ತೋರಿಸಿದ್ರಾ? ಏನಂದ್ರು? ಬರೆದು ಕೊಟ್ರಾ?" ಎಂಬ ಮೂರು ಪ್ರಶ್ನೆಗಳ ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಯಿರಿ. ಒಂದೇ ಆಸ್ಪತ್ರೆಯಲ್ಲಿ ಒಂದೇ ರೀತಿ ತೊಂದರೆ ನಾಲ್ಕು ಸಂಘದವರಿಗೆ ಆಗಿದ್ದರೆ ಒಕ್ಕೂಟದ ಸಭೆಯಲ್ಲಿ ಅದು ಗೊತ್ತಾಗ್ತದೆ. ಒಬ್ಬಳ ದೂರಿಗಿಂತ ಒಕ್ಕೂಟದ ಠರಾವಿಗೆ ತೂಕ ಹೆಚ್ಚು.

ಮುಂದಿನ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ಎಷ್ಟು ಮಂದಿಯ ಹೆಸರು ಆಧಾರ್ ಮತ್ತು ಪಡಿತರ ಚೀಟಿಯಲ್ಲಿ ಒಂದೇ ಥರ ಇದೆ?
2. ಕಳೆದ ಒಂದು ವರ್ಷದಲ್ಲಿ ಆಸ್ಪತ್ರೆಗೆಂದು ತೆಗೆದ ಸಾಲಗಳಲ್ಲಿ ಯೋಜನೆಯಿಂದ ಆಗಬಹುದಾಗಿದ್ದವು ಯಾವುವು?
3. ನಮ್ಮ ತಾಲೂಕಿನಲ್ಲಿ ಈ ಯೋಜನೆಗೆ ಸೇರಿದ ಆಸ್ಪತ್ರೆಗಳು ಯಾವುವು? ಅಲ್ಲಿಯ ಆರೋಗ್ಯ ಮಿತ್ರ ಯಾರು?
4. ಜೊತೆಗೆ ಹೋಗುವ ಇಬ್ಬರು ಸದಸ್ಯೆಯರು ಯಾರಾಗಬೇಕು?

ಉತ್ತರಗಳನ್ನು ನಡವಳಿಯಲ್ಲಿ ಬರೆದು, ಈ ಕರಪತ್ರವನ್ನು ಮನೆಯ ಫೈಲಿನಲ್ಲಿ ಇಟ್ಟುಕೊಳ್ಳಿ. ಓದಲು ಬಾರದ ಸದಸ್ಯೆಯರಿಗೆ ಓದಿ ಹೇಳಿ.